ಹಾಲು ಆಲಾದರೆ ತಪ್ಪೇನು?

ಅಂಬೇಡ್ಕರ್ ಜಯಂತಿಗೆಂದು ನಮ್ಮ ಕೇರಿಯ ಹುಡುಗರು ಹಾಡು ಕಲಿಯುತ್ತಿದ್ದರು. ಒಬ್ಬ ಹುಡುಗ ‘ಹಾಡು’ ಅನ್ನುವ ಕಡೆ ‘ಆಡು’ ಅಂದ. ನಾನು ತಮಟೆ ನಿಲ್ಲಿಸಿ ತಿದ್ದಿದೆ. ಮತ್ತೆ ಹಾಡುವಾಗ ಅವನ ಗಮನವೆಲ್ಲ ಆ ಒಂದು ಅಕ್ಷರದ ಮೇಲೆ; ರಾಗ ಬಿದ್ದೇಹೋಯಿತು. ಜಗಲಿಯ ಮೇಲಿದ್ದ ನಮ್ಮವ್ವ, ‘ಅದ್ಯಾಕ್ ಮಗಾ ಅವನ್ ಬಾಯಿ ಕಟ್ದೆ? ಚೆಂದಾಗೇ ಆಡ್ತಿದ್ನಲ್ಲ’ ಅಂದಳು. ಐದನೇ ಕ್ಲಾಸಿನಲ್ಲಿ ‘ಆಲು’ ಅಂದದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಮೇಷ್ಟ್ರ ಬೆತ್ತ ಈಗ ನನ್ನ ಕೈಯಲ್ಲೇ ಇತ್ತು.

ಈ ಬೆತ್ತ ಎಷ್ಟು ಶುದ್ಧ, ನೋಡೋಣ. ಹಳಗನ್ನಡದಲ್ಲಿ ಹಾಲು ಪಾಲ್ ಆಗಿತ್ತು, ಹಾಡು ಪಾಡು ಆಗಿತ್ತು, ಹೂವು ಪೂ ಆಗಿತ್ತು. ನಡುಗನ್ನಡದ ಹೊತ್ತಿಗೆ ಪಕಾರ ಹಕಾರವಾಯಿತು. ತುಟಿ ಮುಚ್ಚಿ ಹುಟ್ಟುತ್ತಿದ್ದ ವ್ಯಂಜನ ಗಂಟಲಿನ ಬರೀ ಉಸಿರಾಯಿತು. ದಕ್ಷಿಣದ ಜಿಲ್ಲೆಗಳ ಆಡುಮಾತಿನಲ್ಲಿ ಆ ಉಸಿರೂ ಕಳೆದು ಆಲು, ಆಡು, ಊವು ಆದವು. ಮೊದಲನೆಯದನ್ನು ಪಂಡಿತರು ಭಾಷೆಯ ಬೆಳವಣಿಗೆ ಅಂತಾರೆ, ಎರಡನೆಯದನ್ನು ಅಶುದ್ಧಿ ಅಂತಾರೆ. ಪಾಲ್ ಹಾಲಾದಾಗ ಕೆಡದ ಕನ್ನಡ, ಹಾಲು ಆಲಾದಾಗ ಮಾತ್ರ ಹೇಗೆ ಕೆಟ್ಟಿತು?

ನಿಜ, ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಹಕಾರ ಬಿಡುವವರು ನಾವಷ್ಟೇ ಅಲ್ಲ, ಒಕ್ಕಲು ಜನರೂ ಬಿಡುತ್ತಾರೆ. ಆದರೆ ಅವರು ಬಿಟ್ಟರೆ ಹಳ್ಳಿ ಮಾತು, ನಾವು ಬಿಟ್ಟರೆ ಜಾತಿ ಮಾತು. ಈ ಕಿವಿಗಳಿಗೆ ಅಂಜಿಯೇ ಪಟ್ಟಣ ಸೇರಿದ ನಮ್ಮ ಹುಡುಗರು ‘ಆನೆ’ಗೂ ಒಂದು ಹಕಾರ ಸೇರಿಸಿ ‘ಹಾನೆ’ ಅನ್ನುವುದು. ಕೇಳಿದವರು ನಗುತ್ತಾರೆ. ಆ ಹೆಚ್ಚುವರಿ ಹಕಾರದಲ್ಲಿ ಇರುವುದು ದಡ್ಡತನವಲ್ಲ, ಭಯ.

ಇನ್ನು ಹಾಡಿನ ಮಾತು. ದನಿಯನ್ನು ಎಳೆದು ಒಯ್ಯುವುದು ಸ್ವರ. ಅದನ್ನು ತಡೆದು, ಕತ್ತರಿಸಿ ಲಯ ಕೊಡುವುದು ವ್ಯಂಜನ. ಹಕಾರಕ್ಕೂ ಮಹಾಪ್ರಾಣಕ್ಕೂ ಉಸಿರು ಹೆಚ್ಚು ಖರ್ಚು. ತಂಬೂರಿ ಹಿಡಿದು ಇರುಳಿಡೀ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಬಾಯಲ್ಲಿ ಹಕಾರ ಬಿದ್ದ ಕಡೆ ಸ್ವರ ನೇರವಾಗಿ ಎದ್ದು, ಹಿಂದಿನ ಪದಕ್ಕೆ ಹೆಣೆದುಕೊಳ್ಳುತ್ತದೆ. ನಮ್ಮ ಹೋರಾಟದ ಹಾಡಿನಲ್ಲೋ ‘ಕಟ್ಟು’, ‘ಮೆಟ್ಟು’ ಎನ್ನುವಾಗ ಒತ್ತಕ್ಷರದಲ್ಲಿ ಉಸಿರು ಕ್ಷಣ ಕಟ್ಟಿ ಸಿಡಿಯುತ್ತದೆ. ತಮಟೆಯ ಏಟು ಬೀಳುವುದು ಅಲ್ಲೇ. ಇದು ಬಾಯಿಗೆ ಬಾರದವರ ಕೊರತೆಯಲ್ಲ, ಬಾಯಿ ಪಳಗಿದವರ ಕಸುಬು.

ನಮ್ಮ ವಿಮರ್ಶೆ ಇದನ್ನು ಕೇಳಿಸಿಕೊಂಡಿಲ್ಲ. 1975ರ ‘ಹೊಲೆಮಾದಿಗರ ಹಾಡು’ವಿನಲ್ಲಿ ಆಕ್ರೋಶ ಹುಡುಕಿದೆವು. 1984ರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದರೂ ‘ಓದೋಕೆ ಕಷ್ಟ’ ಎಂಬ ದೂರು ನಿಲ್ಲಲಿಲ್ಲ. ಗಟ್ಟಿಯಾಗಿ ಓದಿದಾಗ ಅಕ್ಷರ ಬಾರದ ನಮ್ಮವ್ವನಿಗೆ ಕಷ್ಟವಾಗಲಿಲ್ಲ. ಕಣ್ಣಿನಲ್ಲಷ್ಟೇ ಓದುವವರ ಕಷ್ಟವನ್ನು ಕೃತಿಯ ಕಷ್ಟ ಅಂದುಕೊಂಡೆವು. ನಾನೂ ಅಷ್ಟೆ: ವಿಚಾರ ಸಂಕಿರಣದಲ್ಲಿ ಆಡುಮಾತಿನ ಪರ ಪ್ರಬಂಧ ಓದುವಾಗ ಒಂದು ಮಹಾಪ್ರಾಣವೂ ಜಾರದಂತೆ ಎಚ್ಚರದಿಂದಿರುತ್ತೇನೆ.

ಮಾರನೇ ದಿನ ಹುಡುಗನಿಗೆ ‘ನಿನ್ನ ಬಾಯಿಗೆ ಬಂದಂಗೇ ಹಾಡು’ ಅಂದೆ. ಅವನು, ‘ಪರೀಕ್ಷೇಲೂ ಇಂಗೇ ಬರೀಲಾ, ಅಣ್ಣ?’ ಅಂದ. ಬರೆಯುವಾಗ ಹಕಾರ ಹಾಕಪ್ಪ ಅಂದೆ. ಇದು ರಾಜಿ ಅನ್ನುವುದು ನನಗೆ ಗೊತ್ತು. ದಲಿತ ವಿಮರ್ಶೆ ಈ ರಾಜಿಯನ್ನು ಒಪ್ಪಿಕೊಂಡು ಅಲ್ಲಿಂದಲೇ ಮಾತು ಶುರು ಮಾಡಬೇಕು.