ರಾತ್ರಿ ಪಾಳಿಯಲ್ಲಿ ಆಪ್ತಸಮಾಲೋಚಕರು ಇರುವುದಿಲ್ಲ

ಹಾಸ್ಟೆಲಿನಲ್ಲಿ ಒಂದು ಮಗು ಜೀವ ಕಳೆದುಕೊಂಡ ಸುದ್ದಿ ಬಂದಾಗಲೆಲ್ಲ ಮಾರನೇ ದಿನ ಏಳುವ ಬೇಡಿಕೆ ಒಂದೇ: ಪ್ರತಿ ನಿಲಯಕ್ಕೂ ಒಬ್ಬ ಆಪ್ತಸಮಾಲೋಚಕರನ್ನು ನೇಮಿಸಿ. ಸಂಘಟನೆಗಳು ಮನವಿ ಕೊಡುತ್ತವೆ, ಮಂತ್ರಿಗಳು ಭರವಸೆ ಕೊಡುತ್ತಾರೆ. ಯಾರಿಗೂ ತಕರಾರಿಲ್ಲದ ಬೇಡಿಕೆ. ನನಗೆ ತಕರಾರಿದೆ. ಸಮಾಲೋಚಕರು ಬೇಡವೆಂದಲ್ಲ, ಖಂಡಿತ ಬೇಕು. ಆದರೆ ಮಕ್ಕಳ ಸಂಕಟ ಕಚೇರಿ ವೇಳೆ ನೋಡಿಕೊಂಡು ಬರುವುದಿಲ್ಲ.

ವಸತಿ ಶಾಲೆಯ ರಾತ್ರಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟ, ಓದು, ಹಾಜರಿ ಮುಗಿದು ದೀಪ ಆರುತ್ತದೆ. ಶಿಕ್ಷಕರು ಮನೆ ಸೇರಿರುತ್ತಾರೆ. ಉಳಿಯುವವರು ನಿಲಯಪಾಲಕರು (ಅವರಿಗೆ ಇನ್ನೊಂದು ನಿಲಯದ ಪ್ರಭಾರವೂ ಇದ್ದರೆ ಅವರೂ ಇಲ್ಲ), ಗೇಟಿನ ಬಳಿ ಕಾವಲುಗಾರ, ಬೆಳಗಿನ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿಟ್ಟು ಮಲಗುವ ಅಡುಗೆ ಸಹಾಯಕಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ಹನ್ನೊಂದು ಗಂಟೆಗೆ ತಟ್ಟೆ ತೊಳೆಯುವ ಕಟ್ಟೆಯ ಮೇಲೆ ಕೂತು ಬಿಕ್ಕುತ್ತಾ "ನಂಗೆ ಬದುಕೋದೇ ಬೇಡ ಅಕ್ಕಾ" ಎಂದರೆ ಆ ಮಾತು ಬೀಳುವುದು ಈ ಸಹಾಯಕಿಯ ಕಿವಿಗೆ. ಏನು ಮಾಡಬೇಕೆಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ತನಗೆ ತಿಳಿದಂತೆ ಗದರಿಸುತ್ತಾಳೆ, ಇಲ್ಲವೇ ಆಣೆ ಹಾಕಿಸಿಕೊಂಡು ಮಲಗಲು ಕಳಿಸುತ್ತಾಳೆ. ಬೆಳಿಗ್ಗೆ ಮೇಲಿನವರಿಗೆ ಹೇಳುವುದಕ್ಕೂ ಅಂಜಿಕೆ. ಹೊರಗುತ್ತಿಗೆಯ ಕೆಲಸ, ಮಾತು ತನ್ನ ತಲೆಗೇ ಬಂದರೆ?

ಸಹಾಯವಾಣಿ ಇದೆಯಲ್ಲ ಎನ್ನಬಹುದು. ಇದೆ, ಒಳ್ಳೆಯದೇ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನೆಲುಬು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಆದರೆ ನಾನು ನೋಡಿದ ಒಂದು ನಿಲಯದಲ್ಲಿ ಆ ಸಂಖ್ಯೆಯ ಭಿತ್ತಿಪತ್ರ ಅಂಟಿಸಿದ್ದು ಕಚೇರಿಯ ಒಳಗೋಡೆಗೆ, ಊಟದ ಪಟ್ಟಿಯ ಪಕ್ಕದಲ್ಲಿ. ಸಂಜೆಯಾದರೆ ಆ ಕೋಣೆಗೆ ಬೀಗ. ಮಕ್ಕಳ ಬಳಿ ಮೊಬೈಲ್ ಇರುವಂತಿಲ್ಲ. ತಪಾಸಣೆಗೆ ಬಂದವರ ಕಣ್ಣಿಗೆ ಬಿದ್ದರೆ ಸಾಕು ಎನ್ನುವ ಲೆಕ್ಕ.

ವಿಶಾಖಪಟ್ಟಣದ ಹಾಸ್ಟೆಲಿನಲ್ಲಿದ್ದ ನೀಟ್ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹ ಸಮಾಲೋಚಕರಿರಬೇಕು ಎಂಬ ಮಾತನ್ನು ಎಲ್ಲರೂ ಎತ್ತಿಕೊಂಡರು. ಅದೇ ಆದೇಶದಲ್ಲಿ, ಬೋಧಕರಷ್ಟೇ ಅಲ್ಲ, ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಕನಿಷ್ಠ ಎರಡು ಬಾರಿ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿ ಆಗಬೇಕು ಎಂದೂ ಇದೆ. ತುರ್ತಿನಲ್ಲಿ ಯಾರಿಗೆ ತಿಳಿಸಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು ಎಂಬುದು ಲಿಖಿತವಾಗಿರಬೇಕು ಎಂದೂ ಇದೆ. ನನ್ನ ಮಟ್ಟಿಗೆ ಆದೇಶದ ಜೀವ ಇರುವುದು ಇಲ್ಲಿ. ಇದರ ಬಗ್ಗೆ ಮಾತೇ ಇಲ್ಲ. ಹುದ್ದೆ ಸೃಷ್ಟಿಸಿದರೆ ಸುದ್ದಿಯಾಗುತ್ತದೆ, ಅಡುಗೆಯವರಿಗೆ ತರಬೇತಿ ಕೊಟ್ಟರೆ ಯಾರು ಬರೆಯುತ್ತಾರೆ?

"ಓದು ಬಾರದವರ ಕೈಗೆ ಇಂಥ ನಾಜೂಕಿನ ಕೆಲಸವೇ?" ಎಂದು ಮೂಗು ಮುರಿಯುವವರು ನಮ್ಮ ಬಳ್ಳಾರಿಯನ್ನು ನೆನೆಯಬೇಕು. 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಪ್ರಯೋಗ ಶುರು ಮಾಡಿದ ನಿಮ್ಹಾನ್ಸ್, 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿತು. ಅದು ಕೈಗೂಡಿದ್ದರಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ಅಡುಗೆ ಸಹಾಯಕಿಗೆ ಅಷ್ಟೂ ಬೇಡ. ಮಗುವನ್ನು ಒಂಟಿಯಾಗಿ ಬಿಡಬಾರದು, ಬೈಯಬಾರದು, ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದರೆ ಕೇಡಾಗುವುದಿಲ್ಲ, ತಕ್ಷಣ ಫೋನ್ ಮಾಡಬೇಕು. ಇಷ್ಟು ಕಲಿಯಲು ಎಂ.ಎಸ್‌ಸಿ. ಪದವಿ ಬೇಕಿಲ್ಲ.

ತರಬೇತಿ ಇಲ್ಲದ ಕಡೆ ಏನಾಗುತ್ತದೆ? "ಪೋಷಕರನ್ನು ಕರೆಸಿ, ಮನೆಗೆ ಕಳಿಸಿ." ಇದಕ್ಕೆ ಕಾಳಜಿಯ ಹೆಸರಿದೆ. ನಿಜದಲ್ಲಿ ಇದು ಸಂಸ್ಥೆ ತನ್ನ ಮೈಮೇಲಿನದನ್ನು ಕೊಡವಿಕೊಳ್ಳುವ ಉಪಾಯ. ಒಂದು ದಿನದ ಕೂಲಿ ಬಿಟ್ಟು ಬಂದ ತಂದೆಗೆ "ಹುಡುಗಿ ಸರಿ ಇಲ್ಲ" ಎಂದಷ್ಟೇ ಹೇಳಿ, ಟ್ರಂಕು ಸಮೇತ ಬಸ್ಸು ಹತ್ತಿಸುತ್ತಾರೆ. ಸಂಕಟದ ನಂತರದ ದಿನಗಳಲ್ಲೇ ಅಪಾಯ ಹೆಚ್ಚು ಎಂದು ಯಾವ ಮನೋವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಎಷ್ಟೋ ಸಲ ದುಃಖದ ಬೇರು ಇರುವುದು ಆ ಮನೆಯಲ್ಲೇ. ಬಾಲಮಂದಿರದ ಮಕ್ಕಳಿಗಂತೂ ಕಳಿಸಲು ಮನೆಯೇ ಇಲ್ಲ. ಅವರ ಪಾಲಿಗೆ ಬರುವುದು ಇನ್ನೊಂದು ಸಂಸ್ಥೆಗೆ ವರ್ಗಾವಣೆ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯೂ ಇನ್ನೂ ಬಿಟ್ಟಿಲ್ಲ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅದೇ ಕಾಯ್ದೆಯ 94ನೇ ಕಲಂ ಇನ್ನೂ ಮುಖ್ಯ: ಜೀವಕ್ಕೆ ಅಪಾಯವಿದ್ದಾಗ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಪೋಷಕರು ಸಿಕ್ಕರೆ ಅವರ ಒಪ್ಪಿಗೆ ಬೇಕು, ಸಿಗಲಿಲ್ಲವೆಂದು ಕಾಯಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರು "ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ" ಎಂದು ಕೈ ತೊಳೆದುಕೊಳ್ಳುವುದಕ್ಕೆ ಕಾನೂನಿನ ಆಸರೆಯಿಲ್ಲ. ಮನೋವೈದ್ಯರು ತಾಲ್ಲೂಕಿಗೆ ಬರುವ ಮಂಗಳವಾರದವರೆಗೆ ಮಗುವಿನ ದುಃಖ ಕಾಯುವುದೂ ಇಲ್ಲ.

ಕಡಿಮೆ ಸಂಬಳದವರ ಹೆಗಲಿಗೆ ಇನ್ನೊಂದು ಹೊರೆ ಹೊರಿಸುತ್ತೀರಾ ಎಂಬ ಆಕ್ಷೇಪ ನ್ಯಾಯವಾದದ್ದು. ಹೊರೆ ಈಗಾಗಲೇ ಅವರ ಹೆಗಲ ಮೇಲಿದೆ; ನಾವು ಅದನ್ನು ಒಪ್ಪಿಕೊಂಡಿಲ್ಲ ಅಷ್ಟೇ. ಒಪ್ಪಿಕೊಂಡರೆ ರಾತ್ರಿಗೆ ಇಬ್ಬರನ್ನು ಇಡಬೇಕಾಗುತ್ತದೆ, ಅದಕ್ಕೆ ಭತ್ಯೆ ಕೊಡಬೇಕಾಗುತ್ತದೆ, ವಿಷಯ ತಿಳಿಸಿದವರ ಕೆಲಸಕ್ಕೆ ಕುತ್ತು ಬಾರದಂತೆ ನೋಡಿಕೊಳ್ಳಬೇಕಾಗುತ್ತದೆ. ಸಮಾಲೋಚಕರ ಹುದ್ದೆಗೆ ಮೀಸಲಿಡುವ ಹಣದಲ್ಲಿ ಮೊದಲ ಪಾಲು ಇದಕ್ಕೆ ಸಲ್ಲಬೇಕು.

ಜೂನ್‌ನಲ್ಲಿ ಮಕ್ಕಳನ್ನು ನಿಲಯಕ್ಕೆ ಸೇರಿಸಲು ಹೋಗುವ ತಂದೆತಾಯಿಗಳು ಊಟ ಹೇಗೆ, ನೀರು ಹೇಗೆ ಎಂದು ಕೇಳಿಯೇ ಕೇಳುತ್ತಾರೆ. ಜೊತೆಗೆ ಇದನ್ನೂ ಕೇಳಿ: ರಾತ್ರಿ ಇಲ್ಲಿ ಯಾರಿರುತ್ತಾರೆ, ಅವರಿಗೆ ತರಬೇತಿ ಆಗಿದೆಯೇ, ಫೋನ್ ಇರುವ ಕೋಣೆಯ ಕೀ ಯಾರ ಬಳಿ ಇದೆ?