ಸತ್ಯಾಗ್ರಹದ ಫಲವಿಚಾರ

ನಮ್ಮ ಸ್ವಾತಂತ್ರ್ಯಸಮರವನ್ನು ಕುರಿತ ಗ್ರಂಥಗಳಲ್ಲಿಯೂ ಸ್ಮರಣಸಂಚಿಕೆಗಳಲ್ಲಿಯೂ ಒಂದು ದೋಷವು ಪದೇ ಪದೇ ಕಂಡುಬರುತ್ತದೆ. ಶಿವಪುರ, ವಿದುರಾಶ್ವತ್ಥ, ಈಸೂರು, ಮೈಸೂರು ಚಲೋ, ಇವೆಲ್ಲವನ್ನೂ ಒಂದೇ ವೀರರಸದ ಪಾಕದಲ್ಲಿ ಅದ್ದಿ ತೆಗೆದಿರುತ್ತಾರೆ. ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರನ ಮತ. ಚರಿತ್ರೆಯ ಬರವಣಿಗೆಗೂ ಇದು ಸಲ್ಲತಕ್ಕದ್ದು. ಆಜ್ಞೆಯನ್ನು ಮೀರಿದವರೆಲ್ಲರೂ ಧೀರರೇ ಸರಿ. ಆದರೆ ಅವರು ತೆತ್ತ ಬೆಲೆಯಾಗಲಿ, ನಾಡಿಗೆ ದೊರೆತ ಫಲವಾಗಲಿ ಒಂದೇ ಆಗಿರಲಿಲ್ಲ.

1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನವರು ಸೇರಿ, ನಿಷೇಧವನ್ನು ಲಕ್ಷಿಸದೆ ತ್ರಿವರ್ಣಧ್ವಜವನ್ನೇರಿಸಿದರು. ನಾಯಕರು ಸೆರೆಯಾದರು, ಪ್ರಾಣಹಾನಿಯಾಗಲಿಲ್ಲ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಅದೇ ಧ್ವಜಕ್ಕಾಗಿ ನೆರೆದವರ ಮೇಲೆ ಗುಂಡು ಹಾರಿತು. ಮಡಿದವರು 10 ಮಂದಿಯೆಂದು ಸರ್ಕಾರವೂ 32 ಮಂದಿಯೆಂದು ಜನರೂ ಹೇಳಿದರು. ಮುಂದಿನ ತಿಂಗಳು ಸರ್ದಾರ್ ಪಟೇಲರೂ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಲು, ಸಂಸ್ಥಾನದ ಧ್ವಜದೊಡನೆ ತ್ರಿವರ್ಣಧ್ವಜಕ್ಕೂ ಎಡೆ ದೊರೆಯಿತು. ಇಲ್ಲಿ ಅನ್ಯಾಯವೆನಿಸಿದ ಆಜ್ಞೆಯೂ ಮುರಿದ ಆಜ್ಞೆಯೂ ಒಂದೇ. ಗಾಂಧೀಜಿಯವರು ಆದರ್ಶ ಸತ್ಯಾಗ್ರಹಿಯೆಂದು ಕೊಂಡಾಡಿದ ಪ್ರಹ್ಲಾದನೂ ತಂದೆಯ ಅಧರ್ಮದ ಅಪ್ಪಣೆಯನ್ನು ಮಾತ್ರ ಮೀರಿದನಷ್ಟೆ.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಸೆಪ್ಟೆಂಬರಿನ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದರು. 1943ರಲ್ಲಿ ಐವರು ಗಲ್ಲಿಗೇರಿದರು. ಆ ರೈತರ ಧೈರ್ಯವು ಶಿವಪುರದವರ ಧೈರ್ಯಕ್ಕಿಂತ ಕಡಿಮೆಯದಲ್ಲ. ಆದರೆ ಕೊಲೆ ನಡೆದೊಡನೆ ಸ್ವರಾಜ್ಯದ ಪ್ರಶ್ನೆಯು ಮರೆಯಾಗಿ ಅಪರಾಧದ ವಿಚಾರಣೆಯೇ ಮುಂದೆ ಬಂದಿತು. ಸಂಧಾನಕ್ಕೆ ಬರಬಲ್ಲ ಹಿರಿಯರು ಆಗ ಸೆರೆಮನೆಯಲ್ಲಿದ್ದರು.

1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿಯು ಆರಂಭವಾಯಿತು. ಮೈಸೂರಿನಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದನು. ಅಕ್ಟೋಬರ್ ಮುಗಿಯುವುದರೊಳಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲವು ಬಂದಿತು. ಇದು ಚಳವಳಿಯ ಬಲವೊಂದರಿಂದಲೇ ಆದುದೆನ್ನಲಾಗದು. ಸಿಂಹಾಸನದ ಹಿಂದಿದ್ದ ಬ್ರಿಟಿಷರ ಆಸರೆಯು ಆ ವೇಳೆಗೆ ಇಲ್ಲವಾಗಿತ್ತು. ಹುಣಸೂರು, ಪಿರಿಯಾಪಟ್ಟಣಗಳಿಂದ ಮೈಸೂರಿಗೆ ಹೋಗುವ ನಮ್ಮ ತರುಣರಲ್ಲಿ ರಾಮಸ್ವಾಮಿ ವೃತ್ತವನ್ನು ಬಲ್ಲವರು ಅನೇಕರು. ಆ ಹೆಸರಿನ ಹುಡುಗನನ್ನು ಬಲ್ಲವರು ವಿರಳ.

ಹುತಾತ್ಮರನ್ನು ಫಲದಿಂದ ಅಳೆಯುವುದು ಅನುಚಿತ, ಫಲಾಪೇಕ್ಷೆಯನ್ನು ಗೀತೆಯೇ ನಿಷೇಧಿಸಿದೆಯಲ್ಲವೆ, ಎಂದು ಕೆಲವರು ಕೇಳಬಹುದು. ಆ ನಿಷೇಧವು ಕರ್ಮವನ್ನು ಮಾಡುವವನಿಗೆ, ಅದನ್ನು ಬರೆಯುವವನಿಗಲ್ಲ. ಫಲವನ್ನು ತೂಗಿ ಹೇಳುವುದೇ ಚರಿತ್ರಕಾರನ ಧರ್ಮ. ಅವನು ಅದನ್ನು ಬಿಟ್ಟರೆ, ನಾಳೆ ಒಂದು ಅನ್ಯಾಯದ ಆಜ್ಞೆಯ ಮುಂದೆ ನಿಲ್ಲುವ ತರುಣನು ಕೇವಲ ಜಯಘೋಷವನ್ನು ಕಲಿತು ಬೀದಿಗಿಳಿಯುವನು. ಆದಕಾರಣ ಈ ವಿಷಯದಲ್ಲಿ ಲೇಖನಿಯನ್ನು ಹಿಡಿಯುವ ಮಹನೀಯರು ಪ್ರತಿಯೊಂದು ಪ್ರಸಂಗದಲ್ಲಿಯೂ ಇಷ್ಟನ್ನು ಸ್ಪಷ್ಟಪಡಿಸಬೇಕು: ಮುರಿದ ಆಜ್ಞೆ ಯಾವುದು, ಸಂಯಮವು ಕೊನೆಯವರೆಗೆ ಉಳಿಯಿತೆ, ಸಂಧಾನಕ್ಕೆ ಯಾರಿದ್ದರು, ಬೆಲೆಯನ್ನು ತೆತ್ತವರು ಯಾರು, ಫಲವನ್ನು ಉಂಡವರು ಯಾರು.