ಬೈಯುವವರಿಲ್ಲದ ಪ್ರಯೋಗಾಲಯ

ಬೆಂಗಳೂರಿನಲ್ಲಿ ಗ್ಯಾರೇಜಿನಿಂದ ಹೊರಟ ಜೀವವಿಜ್ಞಾನ ಯಾವುದು ಎಂದು ಕೇಳಿದರೆ ಯಾರಾದರೂ ಬಯೋಕಾನ್ ಎನ್ನುತ್ತಾರೆ. 1978ರಲ್ಲಿ ಕಿರಣ್ ಮಜುಂದಾರ್ ಕೋರಮಂಗಲದ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳ ಹಾಕಿ ಕೂತರು. ಪರಂಗಿಕಾಯಿಯ ಹಾಲಿನಿಂದ ಪಪೇನ್ ಕಿಣ್ವ, ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಗೊಳಿಸುವ ಐಸಿಂಗ್ಲಾಸ್, ಇವೇ ಮೊದಲ ಸರಕು. ಆ ಕೋರಮಂಗಲಕ್ಕೆ ಅಂಟಿಕೊಂಡೇ ಇರುವ ಬಿಟಿಎಂ ಲೇಔಟಿನಲ್ಲಿ ಇವತ್ತು ಬಯಾಲಜಿ ಎಂದರೆ ಪಿಜಿ ಕೋಣೆಯ ಮಂಚದ ಮೇಲೆ ಬಿದ್ದಿರುವ ನೀಟ್ ಗೈಡು, ಇಲ್ಲವೇ ಹೊಸೂರು ರಸ್ತೆಯ ಔಷಧ ಕಂಪನಿಗೆ ಹೊರಟ ಬೆಳಗಿನ ಕ್ಯಾಬು. ಈ ಎರಡರ ನಡುವೆ, 2009ರಿಂದ ಕೆಲವು ವರ್ಷ, ಇದೇ ಊರಿನಲ್ಲಿ ಇನ್ನೊಂದು ಬಗೆಯ ಗ್ಯಾರೇಜು ಬಯಾಲಜಿ ನಡೆಯಿತು. ಅದರಿಂದ ಸರಕು ಹುಟ್ಟಲಿಲ್ಲ. ಹುಟ್ಟಲಿ ಎಂದು ನಡೆಸಿದವರು ಬಯಸಿರಲೂ ಇಲ್ಲ. ಅದನ್ನು ಲಾಭನಷ್ಟದ ಲೆಕ್ಕದಲ್ಲಿ ಅಳೆಯುವುದು ಅನ್ಯಾಯ. ಹಾಗೆಂದು ಅಳೆಯದೆ ಬರೀ ಮೆಚ್ಚಿ ಬೆನ್ನು ತಟ್ಟುವುದೂ ಉಪಕಾರವೇನಲ್ಲ.

ಕಥೆ ಶುರುವಾಗುವುದು ಮ್ಯಾಡ್ರಿಡ್‌ನಲ್ಲಿ. 2009ರಲ್ಲಿ ಅಲ್ಲಿನ ಮೀಡಿಯಾಲ್ಯಾಬ್ ಪ್ರಾಡೊದ ಕಮ್ಮಟವೊಂದರಲ್ಲಿ ಆಂಡಿ ಗ್ರೇಸಿ, ಮಾರ್ಕ್ ಡುಸೈಲರ್ ಮತ್ತು ಬೆಂಗಳೂರಿನ ಕಲಾವಿದ ಯಶಸ್ ಶೆಟ್ಟಿ ಸೇರಿ 'ಹ್ಯಾಕ್ಟೀರಿಯಾ' ಎಂಬ ಬಳಗ ಕಟ್ಟಿದರು. ಜೀವಿಗಳನ್ನು ಬಳಸುವ ಕಲೆ, ಅದಕ್ಕೆ ಬೇಕಾದ ಉಪಕರಣ, ಎರಡರ ವಿಧಾನವನ್ನೂ ಬರೆದು ಎಲ್ಲರಿಗೂ ಬಿಟ್ಟುಕೊಡುವುದು ಅವರ ಸಂಕಲ್ಪ. ಊರಿನಲ್ಲಿ ಅದಕ್ಕೆ ಆಸರೆಯಾದದ್ದು ಯಲಹಂಕದ ಸೃಷ್ಟಿ ಕಲೆ ಮತ್ತು ವಿನ್ಯಾಸ ಶಾಲೆ. ಅಲ್ಲಿ ಯಶಸ್ ಸುತ್ತ ಸೇರಿದ ವಿದ್ಯಾರ್ಥಿಗಳ ಗುಂಪು 'ಆರ್ಟ್‌ಸೈನ್ಸ್‌ಬೆಂಗಳೂರು' ಹೆಸರಿನಲ್ಲಿ ಕೆಲಸ ಮಾಡಿತು.

ಕಾಲವೂ ಅದಕ್ಕೆ ಒದಗಿಬಂದಿತ್ತು. 2008ರಲ್ಲಿ ಬಾಸ್ಟನ್‌ನಲ್ಲಿ ಹವ್ಯಾಸಿ ಜೀವವಿಜ್ಞಾನಿಗಳ ಬಳಗ ಡಿಐವೈಬಯೋ ಹುಟ್ಟಿತ್ತು, 2010ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜೆನ್‌ಸ್ಪೇಸ್ ಎಂಬ ಸಮುದಾಯ ಪ್ರಯೋಗಾಲಯ ಬಾಗಿಲು ತೆರೆಯಿತು. ಕಲೆಯ ಕಡೆಯಿಂದ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಿಂಬಯಾಟಿಕಾ 2000ದಿಂದಲೇ ಕಲಾವಿದರಿಗೆ ಅಂಗಾಂಶ ಬೆಳೆಸುವುದನ್ನು ಕಲಿಸುತ್ತಿತ್ತು. ಅಮೆರಿಕದಲ್ಲಿ ಈ ಕೆಲಸಕ್ಕೆ ಭಯದ ನೆರಳೂ ಇತ್ತು: 2004ರಲ್ಲಿ ಕಲಾವಿದ ಸ್ಟೀವ್ ಕರ್ಟ್ಜ್ ಮನೆಯಲ್ಲಿ ಪೆಟ್ರಿ ತಟ್ಟೆಗಳನ್ನು ಕಂಡ ಪೊಲೀಸರು ಜೈವಿಕ ಭಯೋತ್ಪಾದನೆಯ ಗುಮಾನಿ ಪಟ್ಟರು, ಕೊನೆಗೆ ಬೇರೆ ಆರೋಪದ ಮೇಲೆ ನಡೆದ ಮೊಕದ್ದಮೆ 2008ರಲ್ಲಿ ಬಿದ್ದುಹೋಯಿತು. ಅಲ್ಲಿ ಎಲ್ಲವನ್ನೂ ಬಯಲಿಗಿಟ್ಟು ಕೆಲಸ ಮಾಡುವುದೇ ಒಂದು ಪ್ರತಿಭಟನೆ. ನಮ್ಮಲ್ಲಿ ಆ ಭಯ ಇರಲಿಲ್ಲ. ಇಲ್ಲಿದ್ದದ್ದು ಬಿಟಿ-ಐಟಿ ಜಪ.

ಹ್ಯಾಕ್ಟೀರಿಯಾ ಬಳಗದ ಉಪಕರಣಗಳಲ್ಲಿ ಹೆಚ್ಚು ಹೆಸರಾದದ್ದು ವೆಬ್‌ಕ್ಯಾಮ್ ಸೂಕ್ಷ್ಮದರ್ಶಕ. ಅದರ ಉಪಾಯ ನಿಜಕ್ಕೂ ಸೊಗಸು. ಒಂದು ಕೋಣೆಯ ದೃಶ್ಯವನ್ನು ಕುಗ್ಗಿಸಿ ಕಡಲೆಬೇಳೆಯಷ್ಟು ಸೆನ್ಸರಿನ ಮೇಲೆ ಬೀಳಿಸುವುದು ವೆಬ್‌ಕ್ಯಾಮ್ ಲೆನ್ಸಿನ ಕೆಲಸ. ಅದನ್ನು ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದರೆ ಚಿಕ್ಕದನ್ನು ಹಿಗ್ಗಿಸುತ್ತದೆ. ಸಾಮಾನಿಗೆ ಎಸ್‌ಪಿ ರಸ್ತೆಗೆ ಒಂದು ಸಲ ಹೋಗಿಬಂದರೆ ಸಾಕು. ಮಡಿವಾಳ ಕೆರೆಯ ಒಂದು ಹನಿ ನೀರನ್ನು ಅದರಡಿ ಇಟ್ಟರೆ ಪಾಚಿಯ ಎಳೆಗಳ ನಡುವೆ ಓಡಾಡುವ ಜೀವಿಗಳು ಲ್ಯಾಪ್‌ಟಾಪ್ ಪರದೆಯ ತುಂಬ ಕಾಣುತ್ತವೆ. ಹತ್ತು ಮಂದಿ ಸಾಲಿನಲ್ಲಿ ನಿಂತು ಒಂದೇ ಕಣ್ಣಲ್ಲಿ ಇಣುಕುವ ಶಾಲೆಯ ಸೂಕ್ಷ್ಮದರ್ಶಕಕ್ಕೆ ಹೋಲಿಸಿದರೆ, ಎಲ್ಲರೂ ಒಟ್ಟಿಗೆ ನೋಡಿ ಒಟ್ಟಿಗೆ ಮಾತಾಡಬಹುದಾದ ಈ ಪರದೆಯೇ ದೊಡ್ಡ ಬದಲಾವಣೆ. ಅಗ್ಗವಾದದ್ದು ಆಮೇಲಿನ ಮಾತು.

ವಂಶವಾಹಿಗೆ ಕೈ ಹಾಕಿದ ಕೂಡಲೇ ಲೆಕ್ಕ ಬೇರೆಯಾಗುತ್ತದೆ. ಎಂಐಟಿಯಲ್ಲಿ ಶುರುವಾದ ಐಜೆಮ್ ಎಂಬ ಸ್ಪರ್ಧೆಯಲ್ಲಿ ಪ್ರಪಂಚದ ವಿದ್ಯಾರ್ಥಿ ತಂಡಗಳು 'ಬಯೋಬ್ರಿಕ್' ಎಂಬ ಸಿದ್ಧ ಡಿಎನ್‌ಎ ತುಣುಕುಗಳನ್ನು ಜೋಡಿಸಿ ಜೀವಿಗಳಿಗೆ ಹೊಸ ಗುಣ ಕಟ್ಟುತ್ತವೆ. 2009ರಲ್ಲಿ ಆರ್ಟ್‌ಸೈನ್ಸ್‌ಬೆಂಗಳೂರು ತಂಡ ಅಲ್ಲಿಗೆ ಒಯ್ದ ಆಸೆ ಇದು: ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಅನ್ನು ಇ. ಕೋಲಿ ಬ್ಯಾಕ್ಟೀರಿಯಾದಿಂದ ಹೊರಡಿಸುವುದು. ಮಣ್ಣಿನಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ಸ್ಟ್ರೆಪ್ಟೊಮೈಸಿಸ್ ಗುಂಪಿನ ಜೀವಿಗಳು. ಔಷಧ, ಇಂಧನ, ರೋಗಪತ್ತೆ ಎಂದು ಉಳಿದ ತಂಡಗಳು ಮಾತಾಡುತ್ತಿದ್ದ ಸಭೆಯಲ್ಲಿ ಕಲಾಶಾಲೆಯ ಹುಡುಗರು ಮಳೆಯ ವಾಸನೆ ಬೇಕು ಎಂದದ್ದರಲ್ಲಿ ತುಂಟತನವಿದೆ, ಧೈರ್ಯವೂ ಇದೆ.

ಆದರೆ ಅದನ್ನು 'ನೀವೇ ಮಾಡಿ' (ಡಿಐವೈ) ಎಂಬ ಘೋಷಣೆಗೆ ಉದಾಹರಣೆಯಾಗಿ ಕೊಡುವಾಗ ನನಗೆ ತಕರಾರಿದೆ. ಕಿಣ್ವಗಳು ಮೈನಸ್ 20 ಡಿಗ್ರಿಯಲ್ಲಿರಬೇಕು, ಪಾತ್ರೆಗಳು ಆಟೋಕ್ಲೇವಿನಲ್ಲಿ ಬೇಯಬೇಕು. ಕಾನೂನಿದೆ: 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ ವಂಶವಾಹಿ ತಿದ್ದುವ ಸಂಸ್ಥೆಗೆ ತನ್ನದೇ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಬಿಟಿಎಂ ಎರಡನೇ ಹಂತದ ಎರಡು ಕೋಣೆಯ ಮನೆಗೆ ಅಂಥ ಸಮಿತಿ ಎಲ್ಲಿಂದ ಬರಬೇಕು? ಈ ತಂಡದ ಬೆನ್ನಿಗೂ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್, ಇತ್ತು. ತಪ್ಪೇನಲ್ಲ; ವಿಜ್ಞಾನಿಗಳು ಕಲಾವಿದರಿಗೆ ಬೆಂಚು ಬಿಟ್ಟುಕೊಟ್ಟದ್ದು ಈ ಕಥೆಯ ಒಳ್ಳೆಯ ಅಧ್ಯಾಯಗಳಲ್ಲಿ ಒಂದು. ಆದರೆ ವಿಧಾನ ಬಯಲಿನಲ್ಲಿದ್ದೂ ಬೆಂಚು ಬೀಗದೊಳಗಿದ್ದರೆ, ಸ್ವಾತಂತ್ರ್ಯ ಸಿಕ್ಕಿದ್ದು ಬೀಗದ ಕೈ ಇರುವವರ ಗೆಳೆತನ ಉಳ್ಳವರಿಗೆ ಮಾತ್ರ. ಆ ಗೆಳೆತನಕ್ಕೆ ಇಂಗ್ಲಿಷ್ ಬೇಕು, ಖಾಸಗಿ ಶಾಲೆಯ ಶುಲ್ಕ ಕಟ್ಟುವ ಮನೆತನ ಬೇಕು. ಇದನ್ನು ಮರೆಸುವ 'ಡಿಐವೈ' ಎಂಬ ಹಣೆಪಟ್ಟಿ ನನಗೆ ಅಷ್ಟು ಪ್ರಾಮಾಣಿಕವಾಗಿ ಕಾಣುವುದಿಲ್ಲ.

ಇದೇ ಆರ್ಟ್‌ಸೈನ್ಸ್‌ಬೆಂಗಳೂರು ತಂಡ 2011ರಲ್ಲಿ ಕೇಳಿದ ಪ್ರಶ್ನೆ ಮಾತ್ರ ಬೇರೆಯದೇ ಎತ್ತರದ್ದು. ಅಷ್ಟು ಹೊತ್ತಿಗೆ ಪ್ರಪಂಚದ ನೂರಾರು ವಿದ್ಯಾರ್ಥಿ ಪ್ರಯೋಗಾಲಯಗಳಲ್ಲಿ ಬಯೋಬ್ರಿಕ್ ತುಣುಕುಗಳು ಹರಿದಾಡುತ್ತಿದ್ದವು. ಎಲ್ಲದರ ತುದಿಯಲ್ಲೂ ಒಂದೇ ಬಗೆಯ ಗುರುತಿನ ಅಕ್ಷರಸಾಲು. ಹಾಗಿದ್ದರೆ ಅವು ಚರಂಡಿ ದಾಟಿ ಹೊರಗಿನ ಮಣ್ಣಿಗೆ ಸೇರಿವೆಯೇ? ಪಿಸಿಆರ್ ಮಾಡಿ ಆ ಗುರುತನ್ನು ಹುಡುಕಲಾದೀತೇ? ಜೀವಿಗಳನ್ನು ತಿದ್ದುವ ಸ್ಪರ್ಧೆಗೇ ಹೋಗಿ, ನೀವು ತಿದ್ದಿದ್ದು ತಪ್ಪಿಸಿಕೊಂಡಿದೆಯೇ ನೋಡೋಣ ಎಂದು ಪತ್ತೇದಾರಿಕೆಗೆ ಇಳಿದದ್ದು ಕಲಾವಿದರಿಗಷ್ಟೇ ಹೊಳೆಯುವ ತರಲೆ. ಸ್ಪರ್ಧೆಯಲ್ಲಿ ಪದಕ ಬೇಕಾದ ಜೀವವಿಜ್ಞಾನದ ವಿದ್ಯಾರ್ಥಿ ಅದನ್ನು ಕೇಳಲಾರ. ಈ ಇಡೀ ಪರಂಪರೆಯಲ್ಲಿ ಉಳಿಯಬೇಕಾದ ಒಂದೇ ಕೆಲಸ ಆರಿಸು ಎಂದರೆ ನಾನು ಇದನ್ನೇ ಎತ್ತಿಕೊಳ್ಳುತ್ತೇನೆ.

ಆದರೂ ಆ ಪ್ರಶ್ನೆ ಊರಿಗೆ ಮುಟ್ಟಲಿಲ್ಲ. ಯಾಕೆ ಎಂದು ಯೋಚಿಸುವಾಗ ಆ ಹೊತ್ತಿನ ಕರ್ನಾಟಕವನ್ನು ನೆನೆಯಬೇಕು. 1998ರಲ್ಲೇ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ವಂಶವಾಹಿ ತಿದ್ದಿದ ಮಾನ್ಸಾಂಟೊ ಹತ್ತಿಯ ಪ್ರಯೋಗದ ತಾಕುಗಳನ್ನು ಕಿತ್ತು ಸುಟ್ಟಿತ್ತು. 2010ರ ಫೆಬ್ರುವರಿಯಲ್ಲಿ ಬಿಟಿ ಬದನೆಯ ಬಗ್ಗೆ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ನಡೆಸಿದ ಸಾರ್ವಜನಿಕ ವಿಚಾರಣೆ ಬೆಂಗಳೂರಿಗೂ ಬಂದಿತ್ತು. ಗದ್ದಲದ ನಡುವೆ ರೈತರು, ವಿಜ್ಞಾನಿಗಳು ಮುಖಾಮುಖಿ ನಿಂತು ಜಗಳ ಕಾದರು. ತಿದ್ದಿದ ವಂಶವಾಹಿ ಹೊರಗೆ ಬಂದರೆ ಗತಿಯೇನು ಎಂಬುದು ಕನ್ನಡದಲ್ಲಿ, ಹೊಲದಲ್ಲಿ, ಪತ್ರಿಕೆಗಳ ಓದುಗರ ಅಂಕಣದಲ್ಲಿ ಕಾವೇರಿದ್ದ ವಿಷಯ. ಒಂದೇ ವರ್ಷದ ಬಳಿಕ ಯಲಹಂಕದ ವಿದ್ಯಾರ್ಥಿಗಳು ಅದೇ ಪ್ರಶ್ನೆಯನ್ನು ಪಿಸಿಆರ್ ನಳಿಗೆಗೆ ಹಾಕುತ್ತಿದ್ದರು. ಇವರ ಉತ್ತರ ಬೇಕಿದ್ದವರು ಅಲ್ಲಿದ್ದರು, ಅವರ ಜಗಳಕ್ಕೆ ಹತ್ತಿರದ ಉಪಾಯ ಇಲ್ಲಿತ್ತು. ನಡುವೆ ಸೇತುವೆ ಏಳಲಿಲ್ಲ. ಕೆಲಸದ ದಾಖಲೆ ಇಂಗ್ಲಿಷಿನಲ್ಲಿ, ಪ್ರದರ್ಶನ ಹೊರದೇಶದಲ್ಲಿ.

ಓಪನ್ ಸೋರ್ಸ್ ತಂತ್ರಾಂಶ ಹೇಗೆ ಬದುಕುತ್ತದೆ ನೋಡಿ. ಕೋಡು ಬಯಲಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ಸುಧಾರಿಸುವುದಿಲ್ಲ. ಅದು ಕೆಟ್ಟಾಗ ತನ್ನ ಕೆಲಸ ನಿಂತುಹೋಗುವ ಒಬ್ಬ ಮನುಷ್ಯ ಬೇಕು. ಅವನು ಸಿಟ್ಟಿನಿಂದ ಬಂದು ಬೈಯಬೇಕು. ಕಮ್ಮಟಕ್ಕೆ ಬಂದು ವೆಬ್‌ಕ್ಯಾಮ್ ಸೂಕ್ಷ್ಮದರ್ಶಕ ಕಟ್ಟಿ, ಚೆಂದದ ಫೋಟೊ ತೆಗೆದುಕೊಂಡು ಹೋದವರ ಯಾವ ಕೆಲಸವೂ ಅದಿಲ್ಲದೆ ನಿಲ್ಲುವುದಿಲ್ಲ. ಬೆಂಗಳೂರಿನ ಈ ಬಯಾಲಜಿಗೆ ಅಭಿಮಾನಿಗಳಿದ್ದರು, ಅತಿಥಿಗಳಿದ್ದರು, ಬೈಯುವವರಿರಲಿಲ್ಲ.

ಇದೇ ಬಳಗದ ನೆಂಟರಿದ್ದ ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಕಥೆ ಬೇರೆಯಾಯಿತು. 2010ರಲ್ಲಿ ಅಲ್ಲಿ ಮದ್ಯದ ಮೇಲಿನ ಸುಂಕ ಏರಿತು, ಮೆಥನಾಲ್ ಬೆರೆತ ಕಳ್ಳ ಸಾರಾಯಿಗೆ ಜನ ಸತ್ತರು. ಹೌಸ್ ಆಫ್ ನ್ಯಾಚುರಲ್ ಫೈಬರ್ ಎಂಬ ಕಲಾವಿದರ ಗುಂಪು ಹಣ್ಣು ಹುಳಿಸಿ ಅಪಾಯವಿಲ್ಲದ ಪಾನೀಯ ಮಾಡುವುದನ್ನು ಕಲಿಸಿತು, ಹುದುಗಿನ ಸದ್ದನ್ನೇ ಸಂಗೀತವಾಗಿಸಿತು. 2011ರಲ್ಲಿ ಬರ್ಲಿನ್‌ನ ಟ್ರಾನ್ಸ್‌ಮೀಡಿಯಾಲೆ ಪ್ರಶಸ್ತಿಯೂ ಅದಕ್ಕೆ ಬಂತು. ಆಮೇಲೆ ಅದೇ ಊರಿನ ಲೈಫ್‌ಪ್ಯಾಚ್ ಬಳಗ ನದಿ ದಂಡೆಯ ನಿವಾಸಿಗಳ ಜತೆ ನೀರಿನಲ್ಲಿ ಇ. ಕೋಲಿ ಎಷ್ಟಿದೆ ಎಂದು ನೋಡತೊಡಗಿತು. ಅಲ್ಲಿ ಪರೀಕ್ಷೆ ತಪ್ಪಿದರೆ ಕೇಳಲು ದಂಡೆಯ ಮೇಲೆ ಮನೆಗಳಿವೆ. ನಮ್ಮಲ್ಲೂ ಮಡಿವಾಳದಿಂದ ಅಗರ, ಅಲ್ಲಿಂದ ಬೆಳ್ಳಂದೂರು ಎಂದು ಕೆರೆಗಳ ಸರಪಣಿ ಇದೆ. 2017ರಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದನ್ನು ಇಡೀ ದೇಶ ನೋಡಿತು. ಕೆರೆ ಉಳಿಸಲು ಬೆಳಗ್ಗೆ ಎದ್ದು ಹೋಗುವ ನಿವಾಸಿಗಳೂ ಇದ್ದಾರೆ. ಇಷ್ಟಾದರೂ ಈ ಪರಂಪರೆಯ ಹೆಸರಾದ ಕೆಲಸಗಳಲ್ಲಿ ಕೆರೆ ದಂಡೆಯ ಜನ ಸಹಕರ್ತೃಗಳಾಗಿ ಕಾಣಿಸುವುದಿಲ್ಲ.

ಊರ ಜನ ಎಲ್ಲಿ ಎಂಬ ಈ ತಕರಾರಿಗೆ ಉತ್ತರವಾಗಿ ದೋಸೆ ಹಿಟ್ಟೂ ಬಯೋಹ್ಯಾಕಿಂಗೇ, ಅಜ್ಜಿಯೇ ಮೊದಲ ವಿಜ್ಞಾನಿ ಎನ್ನುವ ಮಾತು ಕಮ್ಮಟಗಳಲ್ಲಿ ಸುಲಭವಾಗಿ ಬರುತ್ತದೆ. ನನಗೆ ಅದು ರುಚಿಸುವುದಿಲ್ಲ. ಅಜ್ಜಿಗೆ ಬಿರುದು ಕೊಟ್ಟು, ಹೆಸರು ಮಾತ್ರ ಕಲಾವಿದನದೇ ಇದ್ದರೆ ಅದು ಯಾವ ಸಹಯೋಗ?

ದಕ್ಷಿಣ ಬೆಂಗಳೂರಿಗೆ ತನ್ನದೇ ವಿಜ್ಞಾನ ಪರಂಪರೆ ಇದೆ, ಅದನ್ನೂ ಬಿಡುವಂತಿಲ್ಲ. 1962ರಲ್ಲಿ ಎಚ್. ನರಸಿಂಹಯ್ಯ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರವಾರ ಉಪನ್ಯಾಸ ನಡೆಸಿತು. ಬನಶಂಕರಿಯಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಕನ್ನಡದಲ್ಲಿ 'ಬಾಲ ವಿಜ್ಞಾನ' ಹೊರತಂದಿತು. ನಾಟಕವೆಂದರೆ ಪ್ರಾಣ ಬಿಡುತ್ತಿದ್ದ ಅದೇ ನರಸಿಂಹಯ್ಯನವರ, ಎಲ್ಲರ ಬಾಯಲ್ಲಿ 'ಎಚ್ಚೆನ್' ಆದವರ, ಹೆಸರಿನ ಕಲಾಕ್ಷೇತ್ರ ಜಯನಗರದಲ್ಲಿದೆ. ಒಂದೇ ಮನುಷ್ಯನಲ್ಲಿ ಕಲೆಯೂ ವಿಜ್ಞಾನವೂ ಇದ್ದವು, ಆದರೆ ಬೇರೆ ಬೇರೆ ಸಭಾಂಗಣಗಳಲ್ಲಿ. ಈ ಪರಂಪರೆಗೆ ಭಾಷೆ ಇತ್ತು, ಎದ್ದುನಿಂತು ಪ್ರಶ್ನೆ ಕೇಳುವ ಸಭಿಕರಿದ್ದರು. ಬೆಂಚು ಇರಲಿಲ್ಲ, ಕೇಳಿಸಿಕೊಳ್ಳುವುದೇ ಅಲ್ಲಿ ವಿಜ್ಞಾನ. ಬೆಂಚು, ಭಾಷೆ ಎರಡೂ ಇದ್ದದ್ದು ಸಸ್ಯವಿಜ್ಞಾನಿ ಬಿಜಿಎಲ್ ಸ್ವಾಮಿಯವರ ಬಳಿ. ಹಾರ್ವರ್ಡ್‌ಗೆ ಹೋಗುವ ಮುಂಚೆ ಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡವರು ಅವರು. 'ಹಸುರು ಹೊನ್ನು' ಪುಸ್ತಕಕ್ಕೆ ಚಿತ್ರ ಬರೆದವರೂ ಅವರೇ. ತೇಜಸ್ವಿಯವರ 1980ರ 'ಕರ್ವಾಲೊ'ದಲ್ಲಿ ಜೇನಿನ ಹುಚ್ಚಿನ ಮಂದಣ್ಣನನ್ನು ವಿಜ್ಞಾನಿ ತನ್ನ ಸರಿಸಮನೆಂದು ಕಾಣುತ್ತಾನೆ. ಕಲೆ-ವಿಜ್ಞಾನದ ಸಹಯೋಗ ಎಂದರೆ ಏನಿರಬಹುದು ಎಂಬುದಕ್ಕೆ ಮ್ಯಾಡ್ರಿಡ್‌ಗಿಂತ ಮೂಡಿಗೆರೆಯ ಈ ಕಾದಂಬರಿಯಲ್ಲಿ ಹೆಚ್ಚು ಸೂಕ್ಷ್ಮವಾದ ಯೋಚನೆ ಇದೆ ಎಂದು ನಾನು ವಾದಿಸಬಲ್ಲೆ.

ಈಗ ಬಿಟಿಎಂನಲ್ಲೇ ಏನಿತ್ತು ನೋಡೋಣ. ತಾವರೆಕೆರೆ ಮುಖ್ಯರಸ್ತೆಯಲ್ಲಿ ಐಕೆಪಿ-ಈಡನ್ ಎಂಬ ಮೇಕರ್ ತಾಣ ಬಂತು. ಲೇತು, ತ್ರೀಡಿ ಪ್ರಿಂಟರುಗಳ ಸುತ್ತ ಸ್ಟಾರ್ಟಪ್‌ಗಳು ಸೇರಿದವು. ಅದು ಬಯೋಕಾನ್ ದಾರಿ, ಇರಲಿ. ಇನ್ನೊಂದು ಕಟ್ಟಡ ಎಲ್ಲರ ಕಣ್ಣೆದುರಿಗಿದೆ. ಸಿಲ್ಕ್ ಬೋರ್ಡ್ ಎಂದರೆ ಊರಿಗೆಲ್ಲ ಟ್ರಾಫಿಕ್ಕು. ಆದರೆ 1948ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಅದು, ಮತ್ತು ಕರ್ನಾಟಕದ ನಿಜವಾದ ಮನೆ-ಬಯಾಲಜಿಗೆ ಅದೇ ವಿಳಾಸ. ಶಿಡ್ಲಘಟ್ಟದ ಕಡೆಯ ಹುಳುಮನೆಯಲ್ಲಿ ರೈತ ತೇವ ನೋಡುತ್ತಾನೆ, ಶಾಖ ನೋಡುತ್ತಾನೆ, ಬ್ಲೀಚಿಂಗ್ ಪುಡಿ ಹಾಕಿ ಸೋಂಕು ತೊಳೆಯುತ್ತಾನೆ. ಹುಳು ಪೊರೆ ಕಳಚಲು ಎಷ್ಟನೇ ಜ್ವರಕ್ಕೆ ಕೂತಿದೆ, ಯಾವಾಗ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಎಂದು ಕಣ್ಣಲ್ಲೇ ಅಳೆಯುತ್ತಾನೆ.

ಅವನ ದೊಡ್ಡ ಶತ್ರು ಗಂಟುರೋಗ. ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುವ ನೊಸೆಮಾ ಎಂಬ ಸೂಕ್ಷ್ಮಜೀವಿ ಅದರ ಕಾರಣ. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಪಾಶ್ಚರ್ ಹೇಳಿಕೊಟ್ಟ ಉಪಾಯವೇ ಇವತ್ತಿಗೂ ನಡೆಯುತ್ತಿದೆ: ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು 600 ಪಟ್ಟು ಹಿಗ್ಗಿಸಿ ನೋಡಿ, ರೋಗದ ಬೀಜಕ ಕಂಡರೆ ಆ ಮೊಟ್ಟೆಗಳನ್ನು ಎಸೆಯುವುದು. ಮೊಟ್ಟೆ ತಯಾರಿಸುವ ಗ್ರೇನೇಜುಗಳಲ್ಲಿ ಕಣ್ಣು ನೋಯುವವರೆಗೆ ಇದೇ ಕೆಲಸ. ತಲೆಕೆಳಗು ಮಾಡಿದ ವೆಬ್‌ಕ್ಯಾಮ್ ಲೆನ್ಸಿಗೆ ಮೂರು-ನಾಲ್ಕು ಮೈಕ್ರಾನಿನ ಆ ಬೀಜಕವನ್ನು ನಂಬುವಷ್ಟು ಸ್ಪಷ್ಟವಾಗಿ ತೋರಿಸುವ ಶಕ್ತಿ ಸಾಲದು. ಸಾಲದು ಎಂಬುದೇ ನನಗೆ ಮುಖ್ಯ. ಯಾರಾದರೂ ಅದನ್ನು ಗ್ರೇನೇಜಿಗೆ ಒಯ್ದಿದ್ದರೆ ಮೊದಲ ದಿನವೇ ಬೈಗುಳ ಬೀಳುತ್ತಿತ್ತು: ಬೆಳಕು ಸಾಲದು, ಅಂಚು ಮಸುಕು, ದಿನಕ್ಕೆ ಇಷ್ಟು ಚಿಟ್ಟೆ ನೋಡಲಾಗದು. ಎರಡನೇ ಮಾದರಿ ಅಲ್ಲಿಂದ ಹುಟ್ಟುತ್ತಿತ್ತು. ಅದರ ವಿವರಣೆಯನ್ನು ಕನ್ನಡದಲ್ಲಿ, ತೆಲುಗಿನಲ್ಲಿ ಬರೆಯದೆ ಗತ್ಯಂತರವೂ ಇರುತ್ತಿರಲಿಲ್ಲ.

ಬಯೋಬ್ರಿಕ್ ತುಣುಕುಗಳ ಬಗ್ಗೆ 2011ರಲ್ಲಿ ಕೇಳಿದ ಪ್ರಶ್ನೆಯಂಥದ್ದೇ ಮುಂದೆ ಬೇರೆಯವರ ಕೈಗೆ ಬಂತು. ಕೋವಿಡ್ ಕಾಲದಲ್ಲಿ, 2021ರ ಹೊತ್ತಿಗೆ, ಬೆಂಗಳೂರಿನ ವಿಜ್ಞಾನಿಗಳು ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತಂದು ಪಿಸಿಆರ್ ಮಾಡಿ, ಯಾವ ಭಾಗದಲ್ಲಿ ವೈರಾಣು ಏರುತ್ತಿದೆ ಎಂದು ನೋಡತೊಡಗಿದರು. ಊರಿನ ಕೊಚ್ಚೆಯಲ್ಲಿ ವಂಶವಾಹಿಯ ಜಾಡು ಹಿಡಿಯುವ ಈ ಕೆಲಸ ಕಲಾವಿದರಿಂದ ಬಂದದ್ದಲ್ಲ. ಆದರೆ ಹತ್ತು ವರ್ಷ ಮುಂಚೆ ಕಲಾಶಾಲೆಯ ಹುಡುಗರು ಮಾಡಿದ್ದ ಊಹೆಯ ಹತ್ತಿರದ ನೆಂಟ ಅದು. ಈ ಸಲ ಫಲಿತಾಂಶ ತಡವಾದರೆ ಫೋನ್ ಮಾಡಿ ಕೇಳುವ ಆರೋಗ್ಯಾಧಿಕಾರಿಗಳು ಪಾಲಿಕೆಯಲ್ಲಿದ್ದರು.